ಪ್ರಾರ್ಥನೆಯ ನಿಷೇಧ: 'ತುಘಲಕ್' ನಾಟಕದ ರಕ್ಷಣಾ ವಿಚಾರ ಮತ್ತು ಮುಂಬಯಿ ರಂಗಭೂಮಿಯ ಕಟ್ಟಳೆಗಳು

ಗಿರೀಶ ಕಾರ್ನಾಡರ 'ತುಘಲಕ್' (1964) ನಾಟಕವನ್ನು ಕುರಿತ ವಿಮರ್ಶೆಯ ಬಹುಭಾಗ ಸುಲ್ತಾನನ ವ್ಯಕ್ತಿತ್ವದ ಸುತ್ತ ಬೆಳೆದಿದೆ. ಆದರ್ಶವಾದಿಯೊಬ್ಬನ ಪತನ, ನೆಹರೂ ಯುಗದ ಭ್ರಮನಿರಸನ, ಅಸ್ತಿತ್ವವಾದಿ ನಾಯಕನ ಏಕಾಂತ ಎಂಬ ಮೂರು ದಾರಿಗಳಲ್ಲಿ ಈ ಓದು ಸಾಗಿ ಬಂದಿದೆ. ಇವು ಯಾವುವೂ ಅಸಾಧುವಲ್ಲ. ಆದರೆ ಈ ಓದುಗಳಲ್ಲಿ ನಾಟಕದ ಒಂದು ಪ್ರಧಾನ ಸಂಗತಿ ಹಿನ್ನೆಲೆಗೆ ಸರಿದಿದೆ. 'ತುಘಲಕ್' ಮೊದಲಿನಿಂದ ಕೊನೆಯವರೆಗೆ ಕಟ್ಟಳೆಗಳ ನಾಟಕ. ಅದರಲ್ಲಿ ಡಂಗುರದವನು ಮತ್ತೆ ಮತ್ತೆ ಬರುತ್ತಾನೆ. ಪ್ರತಿ ಸಲವೂ ಒಂದು ಹೊಸ ಆಜ್ಞೆಯನ್ನು ಸಾರುತ್ತಾನೆ. ಪ್ರಭುತ್ವದ ಸುರಕ್ಷೆ ಮತ್ತು ಪ್ರಜೆಗಳ ಸ್ವಾತಂತ್ರ್ಯ ಇವೆರಡರ ನಡುವಣ ಗೆರೆ ಪ್ರತಿ ಆಜ್ಞೆಯೊಂದಿಗೂ ಸ್ವಲ್ಪ ಸ್ವಲ್ಪ ಜರುಗುತ್ತದೆ. ಈ ಗೆರೆ ಜರುಗುವ ರೀತಿಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಬಯಸುತ್ತೇವೆ. ಇದೇ ನಾಟಕ ಹೆಸರು ಗಳಿಸಿದ ಮುಂಬಯಿ ನಗರದಲ್ಲಿ ರಂಗಭೂಮಿಯನ್ನು ಆಳುತ್ತಿರುವ ಕಟ್ಟಳೆಗಳನ್ನು ಅದರ ಪಕ್ಕದಲ್ಲಿ ಇಟ್ಟು ನೋಡುವುದು ನಮ್ಮ ಎರಡನೆಯ ಉದ್ದೇಶ.

ಈ ಎರಡನ್ನೂ ಒಂದೆಡೆ ತರುವುದಕ್ಕೆ ಕಾರಣವಿದೆ. ರಂಗಭೂಮಿ ಎಂಬುದು ಒಂದು ಹುಸಿ ರಾಜ್ಯ. ಅಲ್ಲಿ ರಾಜನಿದ್ದಾನೆ, ಪ್ರಜೆಗಳಿದ್ದಾರೆ, ಕಾನೂನು ಇದೆ, ಸಂಚು ಇದೆ, ಬಂಡಾಯವೂ ಇದೆ. ಆದರೆ ಆ ಬಂಡಾಯದಲ್ಲಿ ಯಾರ ರಕ್ತವೂ ಹರಿಯುವುದಿಲ್ಲ. ನಾಗರಿಕರು ಟಿಕೆಟು ಕೊಂಡು ಎರಡು ಮೂರು ತಾಸು ಆ ರಾಜ್ಯದ ಪ್ರಜೆಗಳಾಗಿ ಕುಳಿತು, ತಮ್ಮ ನಿಜ ರಾಜ್ಯದ ಬಗೆಗೆ ವಿವೇಚಿಸುವ ಅಭ್ಯಾಸ ಮಾಡುತ್ತಾರೆ. ಹುಸಿ ರಾಜ್ಯದಿಂದ ನಿಜ ರಾಜ್ಯಕ್ಕೆ ಅಪಾಯವುಂಟೆ, ಉಂಟಾದರೆ ಎಷ್ಟರಮಟ್ಟಿಗೆ, ಅದನ್ನು ತಡೆಯುವ ಅಧಿಕಾರ ಯಾರದು ಎಂಬ ಪ್ರಶ್ನೆಗಳು ಮುಂಬಯಿಯಲ್ಲಿ ನೂರು ವರ್ಷಗಳಿಗೂ ಹಿಂದಿನಿಂದ ಇವೆ. ಕೃಷ್ಣಾಜಿ ಪ್ರಭಾಕರ ಖಾಡಿಲಕರರ ಮರಾಠಿ ನಾಟಕ 'ಕೀಚಕವಧ' 1907ರಲ್ಲಿ ರಂಗಕ್ಕೆ ಬಂದಾಗ, ಕೀಚಕನಲ್ಲಿ ಲಾರ್ಡ್ ಕರ್ಜನ್‌ನನ್ನೂ ಸೈರಂಧ್ರಿಯಲ್ಲಿ ಪರಾಧೀನ ಭಾರತವನ್ನೂ ಕಾಣಲು ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1910ರಲ್ಲಿ ಸರಕಾರ ಅದನ್ನು ನಿಷೇಧಿಸಿತು. ಮಹಾಭಾರತದ ವಿರಾಟಪರ್ವವೇ ರಾಜ್ಯದ ಭದ್ರತೆಗೆ ಅಪಾಯಕರವೆಂದು ಅಧಿಕಾರಿಗಳು ಭಾವಿಸಿದ ಈ ಪ್ರಸಂಗದಲ್ಲಿ ಹಾಸ್ಯವೂ ಇದೆ. ಆದರೂ ಅವರ ಭಯ ಪೂರ್ತಿ ನಿರಾಧಾರವಾಗಿರಲಿಲ್ಲ ಎಂಬುದನ್ನು ಒಪ್ಪಬೇಕು. ಹುಸಿ ರಾಜ್ಯಕ್ಕೆ ನಿಜವಾದ ಶಕ್ತಿಯಿಲ್ಲವೆಂದು ಹೇಳಿ ಅದನ್ನು ಸಮರ್ಥಿಸುವುದು ರಂಗಭೂಮಿಗೆ ಮಾಡುವ ಅವಮಾನವೇ ಸರಿ.

ಈಗ ನಾಟಕಕ್ಕೆ ಬರೋಣ. ಮೊದಲ ದೃಶ್ಯ 1327ರ ದಿಲ್ಲಿಯ ನ್ಯಾಯಾಲಯದ ಎದುರಿನ ಅಂಗಳ. ಬ್ರಾಹ್ಮಣನೊಬ್ಬ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆದ್ದಿದ್ದಾನೆ. ಸುಲ್ತಾನ ಸೋಲನ್ನು ಸಂತೋಷದಿಂದ ಒಪ್ಪಿ ಪರಿಹಾರ ಕೊಡುತ್ತಾನೆ. ಗೆದ್ದವನು ಬ್ರಾಹ್ಮಣನಲ್ಲ, ವೇಷ ಹಾಕಿದ ಅಗಸ ಅಜೀಜ್ ಎಂಬುದು ನಮಗೆ ಆಮೇಲೆ ತಿಳಿಯುತ್ತದೆ. ಈ ವೇಷದ ಮೋಜಿನಲ್ಲಿ ವಿಮರ್ಶಕರು ಒಂದು ಅಂಶವನ್ನು ಮರೆಯುತ್ತಾರೆ. ಈ ರಾಜ್ಯದಲ್ಲಿ ಸುಲ್ತಾನನೂ ಸೋಲಬಹುದಾದ ಒಂದು ನ್ಯಾಯಾಲಯವಿದೆ. ನಾಟಕ ಮುಂದುವರಿದಂತೆ ಆ ನ್ಯಾಯಾಲಯಕ್ಕೆ ಏನಾಯಿತು ಎಂಬ ಪ್ರಶ್ನೆಯನ್ನು ಕೈಬಿಡದೆ ಹಿಡಿದುಕೊಂಡರೆ 'ತುಘಲಕ್' ಬೇರೆಯೇ ರೀತಿಯಲ್ಲಿ ತೆರೆದುಕೊಳ್ಳುತ್ತದೆ.

ಮೂರನೆಯ ದೃಶ್ಯದಲ್ಲಿ ಶೇಖ್ ಇಮಾಮುದ್ದೀನ ಸುಲ್ತಾನನನ್ನು ಬಹಿರಂಗವಾಗಿ ಟೀಕಿಸಲು ದಿಲ್ಲಿಗೆ ಬಂದಿದ್ದಾನೆ. ಸುಲ್ತಾನ ಅವನನ್ನು ತಡೆಯುವುದಿಲ್ಲ. ತಾನೇ ಸಭೆ ಕರೆಯುತ್ತಾನೆ, ಎಲ್ಲರೂ ಬಂದು ಕೇಳಬೇಕೆಂದು ಡಂಗುರ ಸಾರಿಸುತ್ತಾನೆ. ಸಭೆಯ ಹೊತ್ತಿಗೆ ಮಸೀದಿಯ ಮುಂದೆ ಒಬ್ಬ ನರಪಿಳ್ಳೆಯೂ ಇಲ್ಲ. ಸೈನಿಕರು ಮನೆಮನೆಗೆ ಹೋಗಿ ಜನ ಹೊರಗೆ ಬಾರದಂತೆ ನೋಡಿಕೊಂಡಿದ್ದಾರೆ. ಇಲ್ಲಿ ವಾಕ್ ಸ್ವಾತಂತ್ರ್ಯ ರದ್ದಾಗಿಲ್ಲ. ಮಾತನಾಡುವವನ ಬಾಯಿಗೆ ಬೀಗವಿಲ್ಲ. ಕೇಳುವವರ ಬಾಗಿಲಿಗೆ ಬೀಗವಿದೆ. ಇಮಾಮುದ್ದೀನನ ಮಾತಿನಿಂದ ಈ ಹಿಂದೆ ಕಾನಪುರದಲ್ಲಿ ಗಲಭೆಯಾಗಿತ್ತು ಎಂಬ ಉಲ್ಲೇಖ ನಾಟಕದಲ್ಲಿದೆ. ಆದ್ದರಿಂದ ಸುಲ್ತಾನನ ಆತಂಕವೂ ಕಲ್ಪಿತವಲ್ಲ. ಕಾರ್ನಾಡರು ತಮ್ಮ ಸುಲ್ತಾನನ ಮುಂದೆ ಪ್ರತಿ ಸಲವೂ ನಿಜವಾದ ಅಪಾಯವನ್ನೇ ಇಡುತ್ತಾರೆ. ಹುಚ್ಚುದೊರೆಯ ಕಥೆ ಬರೆಯುವುದು ಅವರ ಗುರಿಯಾಗಿದ್ದರೆ ಈ ಎಚ್ಚರಿಕೆ ಬೇಕಿರಲಿಲ್ಲ.

ನಮ್ಮ ಚರ್ಚೆಯ ಕೇಂದ್ರವಿರುವುದು ಐದು ಮತ್ತು ಆರನೆಯ ದೃಶ್ಯಗಳಲ್ಲಿ. ಅಮೀರರು ಸುಲ್ತಾನನನ್ನು ಕೊಲ್ಲಲು ಸಂಚು ಮಾಡುತ್ತಾರೆ. ಪ್ರಾರ್ಥನೆಯ ವೇಳೆಯಲ್ಲಿ ಯಾರೂ ಆಯುಧ ಹಿಡಿಯುವಂತಿಲ್ಲವಾದ್ದರಿಂದ ಆ ವೇಳೆಯೇ ಸೂಕ್ತ ಎಂಬುದು ಅವರ ಲೆಕ್ಕಾಚಾರ. ತನ್ನ ತಂದೆಯನ್ನು ಸುಲ್ತಾನ ಪ್ರಾರ್ಥನೆಯ ಹೊತ್ತಿನಲ್ಲಿಯೇ ಕೊಲ್ಲಿಸಿದನೆಂಬ ಆರೋಪದ ನೆರಳೂ ಈ ಸಂಚಿನ ಮೇಲಿದೆ. ಎಲ್ಲರೂ ನಿರಾಯುಧರಾಗಿರುವ, ಎಲ್ಲರಿಗೂ ರಕ್ಷಣೆಯಿರುವ ಏಕೈಕ ಸಮಯವೇ ಅತ್ಯಂತ ಅರಕ್ಷಿತ ಸಮಯವಾಗಿ ಪರಿಣಮಿಸುತ್ತದೆ. ಸುಲ್ತಾನನಿಗೆ ಸುಳಿವು ಸಿಕ್ಕಿದೆ. ತೆರೆಯ ಮರೆಯಲ್ಲಿ ನಿಂತಿದ್ದ ಸೈನಿಕರು ಮುಂದೆ ಬಂದು ಸಂಚುಗಾರರನ್ನು ಹಿಡಿಯುತ್ತಾರೆ. ಸುಲ್ತಾನ ಅಲುಗಾಡದೆ ಪ್ರಾರ್ಥನೆ ಮುಗಿಸುತ್ತಾನೆ. ಅನಂತರ ಶಿಹಾಬುದ್ದೀನನನ್ನು ತನ್ನ ಕೈಯಾರೆ ಇರಿದು ಕೊಲ್ಲುತ್ತಾನೆ, ಅವನು ಸುಲ್ತಾನನನ್ನು ರಕ್ಷಿಸುತ್ತ ಮಡಿದ ಹುತಾತ್ಮನೆಂದು ಸಾರಿಸುತ್ತಾನೆ, ಖಲೀಫರ ವಂಶಜ ಘಿಯಾಸುದ್ದೀನ ಅಬ್ಬಾಸಿದ್ ರಾಜಧಾನಿಗೆ ಬರುವ ತನಕ ರಾಜ್ಯದಲ್ಲಿ ಪ್ರಾರ್ಥನೆಯನ್ನೇ ನಿಷೇಧಿಸುತ್ತಾನೆ.

ಇಲ್ಲಿ ಘಟನೆಗಳ ಅನುಕ್ರಮವನ್ನು ಗಮನಿಸಬೇಕು. ಸಂಚನ್ನು ತಡೆದದ್ದು ಪ್ರಾರ್ಥನೆಯ ನಿಷೇಧವಲ್ಲ. ತೆರೆಯ ಹಿಂದಿನ ಸೈನಿಕರು. ನಿಷೇಧ ಹೊರಡುವ ವೇಳೆಗೆ ಅಪಾಯ ಕಳೆದುಹೋಗಿದೆ, ಅಪರಾಧಿಗಳು ಕೈಸೆರೆಯಾಗಿದ್ದಾರೆ. ಮೊದಲ ದೃಶ್ಯದ ನ್ಯಾಯಾಲಯ ದಿಲ್ಲಿಯಲ್ಲಿ ಇನ್ನೂ ಇದೆ. ಅಮೀರರನ್ನು ಅಲ್ಲಿಗೆ ಒಯ್ಯಬಹುದಿತ್ತು. ಒಯ್ದಿದ್ದರೆ ಸಂಚಿನ ಕಾರಣಗಳು ಬಹಿರಂಗವಾಗಿ ಚರ್ಚೆಗೆ ಬರುತ್ತಿದ್ದವು, ಇಮಾಮುದ್ದೀನನ ಸಾವು ಹೇಗಾಯಿತೆಂಬುದೂ ಹೊರಬೀಳುತ್ತಿತ್ತು. ನಿಷೇಧದಿಂದ ರಕ್ಷಣೆ ಪಡೆದದ್ದು ಈ ಗುಟ್ಟು; ಸುಲ್ತಾನನ ಪ್ರಾಣ ಆಗಲೇ ಸುರಕ್ಷಿತವಾಗಿತ್ತು. ಅದರ ಭಾರ ಬಿದ್ದದ್ದು ಕಠಾರಿ ಹಿಡಿಯದ, ಸಂಚಿನ ಸುದ್ದಿಯೂ ತಿಳಿಯದ ಲಕ್ಷಾಂತರ ಪ್ರಜೆಗಳ ಮೇಲೆ. ರಕ್ಷಣೆಯ ಕ್ರಮ ಮತ್ತು ರಕ್ಷಣೆಯ ಹೆಸರಿನ ಕ್ರಮ ಎಂಬ ಭೇದವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ದೃಶ್ಯ ಆಧುನಿಕ ಕನ್ನಡ ನಾಟಕದಲ್ಲಿ ಮತ್ತೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಉತ್ತರಾರ್ಧದಲ್ಲಿ ಇದರ ಫಲ ಕಾಣುತ್ತದೆ. ದೌಲತಾಬಾದಿನ ಅಜೇಯ ಕೋಟೆಯ ಮೇಲೆ ನಿಂತ ಕಾವಲುಗಾರರಿಗೆ ಹೊರಗಿನ ಶತ್ರುವಿನ ಭಯವಿಲ್ಲ; ಕೋಟೆ ಬಿದ್ದರೆ ಒಳಗಿನಿಂದಲೇ ಬೀಳಬೇಕು. ಐದು ವರ್ಷಗಳ ನಂತರ ಪ್ರಾರ್ಥನೆಗೆ ಮತ್ತೆ ಅನುಮತಿ ಸಿಗುತ್ತದೆ. ಅನುಮತಿಯ ಮುದ್ರೆಯಾಗಿ ಬಂದ ಘಿಯಾಸುದ್ದೀನ ಯಾರು? ನಿಜವಾದ ಘಿಯಾಸುದ್ದೀನನನ್ನು ದಾರಿಯಲ್ಲಿ ಕೊಂದು ಅವನ ವೇಷ ತೊಟ್ಟ ಅದೇ ಅಜೀಜ್. ಹಸಿದ ಜನ ಪ್ರಾರ್ಥನೆಯ ಘೋಷಣೆ ಕೇಳಿ ದಂಗೆಯೇಳುತ್ತಾರೆ. ಅಜೀಜನನ್ನು ವಿಮರ್ಶಕರು ಸುಲ್ತಾನನ ವಿಕೃತ ಪ್ರತಿಬಿಂಬವೆಂದು ವರ್ಣಿಸುವುದುಂಟು. ನಮಗೆ ಅವನು ಮುಖ್ಯವಾಗಿ ಕಟ್ಟಳೆಗಳ ಪಂಡಿತನಾಗಿ ಕಾಣುತ್ತಾನೆ. ಪ್ರತಿ ಹೊಸ ಆಜ್ಞೆಯನ್ನೂ ಅವನು ಮೊದಲು ಓದುತ್ತಾನೆ, ಅದರಲ್ಲಿ ತನಗೊಂದು ವೇಷವನ್ನು ಹುಡುಕಿಕೊಳ್ಳುತ್ತಾನೆ. ಮುದ್ರೆಯಿದ್ದರೆ ಮಾತ್ರ ಸಾಧುವೆಂಬ ವ್ಯವಸ್ಥೆಯಲ್ಲಿ ಮುದ್ರೆ ಕದ್ದವನಿಗೆ ಎಲ್ಲ ಬಾಗಿಲೂ ತೆರೆಯುತ್ತದೆ; ಮುದ್ರೆಯಿಲ್ಲದ ಭಕ್ತ ಹೊರಗೆ ನಿಲ್ಲುತ್ತಾನೆ. ತಾಮ್ರದ ನಾಣ್ಯಕ್ಕೆ ಆದದ್ದೂ ಇದೇ.

1965ರಲ್ಲಿ ಕನ್ನಡದಲ್ಲಿ ರಂಗಕ್ಕೇರಿದ ಈ ನಾಟಕ ರಾಷ್ಟ್ರೀಯ ನಾಟಕ ಶಾಲೆಯ ಮೂಲಕ ಹಿಂದೀ ಪ್ರೇಕ್ಷಕರಿಗೂ, ವಿಜಯ ತೆಂಡುಲ್ಕರರ ಅನುವಾದದ ಮೂಲಕ ಮರಾಠಿಗೂ ಹೋಯಿತು. ಅಲಿಕ್ ಪದಮ್ಸೀ ಅವರಿಗಾಗಿ ಕಾರ್ನಾಡರೇ ಇಂಗ್ಲಿಷಿಗೆ ಅನುವಾದಿಸಿಕೊಟ್ಟ ಪಠ್ಯ 1970ರಲ್ಲಿ ಮುಂಬಯಿಯ ಭೂಲಾಭಾಯಿ ಸಭಾಂಗಣದಲ್ಲಿ ಪ್ರಯೋಗಗೊಂಡಿತು. ಅದರ ಯಶಸ್ಸು ನಾಟಕದ ಅಖಿಲ ಭಾರತ ಖ್ಯಾತಿಗೆ ಬಹುಮಟ್ಟಿಗೆ ಕಾರಣವಾಯಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯ ಮುಂಬಯಿಯವರೇ ಆದ ಕೆ. ಎ. ಅಬ್ಬಾಸರ ಪ್ರಕರಣದಲ್ಲಿ ಚಲನಚಿತ್ರಗಳ ಪೂರ್ವಪರಿಶೀಲನೆ ಸಂವಿಧಾನಬದ್ಧವೆಂದು ತೀರ್ಪಿತ್ತಿತು. ಇದು ಕಾಕತಾಳೀಯ. ಆದರೂ ಆ ವರ್ಷದ ಮುಂಬಯಿ ಪ್ರೇಕ್ಷಕನಿಗೆ ಆರನೆಯ ದೃಶ್ಯ ಇತಿಹಾಸವಾಗಿ ಮಾತ್ರ ಕಂಡಿರಲಾರದು.

ಮುಂಬಯಿಯ ರಂಗಪ್ರಯೋಗಗಳನ್ನು ನಿಯಂತ್ರಿಸುವ ಅಧಿಕಾರ 1951ರ ಬೊಂಬಾಯಿ ಪೊಲೀಸ್ ಕಾಯಿದೆಯ 33ನೆಯ ಕಲಮಿನಿಂದ ಬರುತ್ತದೆ. ಕಾಯಿದೆಗೆ ಈಗ ಮಹಾರಾಷ್ಟ್ರ ಪೊಲೀಸ್ ಕಾಯಿದೆ ಎಂಬ ಹೆಸರಿದೆ. ಹೊರರಾಜ್ಯಗಳ ಸಂಶೋಧಕರು ಈ ಕಲಮನ್ನು ಒಮ್ಮೆ ಪೂರ್ತಿಯಾಗಿ ಓದುವುದು ಒಳ್ಳೆಯದು. ವಾಹನ ಸಂಚಾರ, ರಸ್ತೆಯ ಅಡಚಣೆ, ಮೆರವಣಿಗೆ, ಸಾರ್ವಜನಿಕ ಮನೋರಂಜನೆಯ ಸ್ಥಳಗಳಲ್ಲಿ ಜನರ ಸುರಕ್ಷೆ ಇವೆಲ್ಲ ಒಂದರ ಕೆಳಗೊಂದು ಬರುತ್ತವೆ. ಆ ಸಾಲಿನಲ್ಲಿಯೇ, ಅದೇ ಸ್ವರದಲ್ಲಿ, ಪ್ರಯೋಗಗಳನ್ನೂ ಅವುಗಳ ಹಸ್ತಪ್ರತಿಗಳನ್ನೂ ಮುಂಚಿತವಾಗಿ ಪರಿಶೀಲಿಸಿ ಯೋಗ್ಯತಾಪತ್ರ ನೀಡುವ ಮಂಡಳಿಯ ವಿಷಯವೂ ಬರುತ್ತದೆ. ಮಹಾರಾಷ್ಟ್ರದ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿ ಇದೇ. ತುರ್ತು ನಿರ್ಗಮನದ ಬಾಗಿಲು ಮತ್ತು ಪಾತ್ರದ ಬಾಯಿಯ ಮಾತು ಒಂದೇ ಪಟ್ಟಿಯ ಎರಡು ಬಾಬುಗಳು.

ಇವೆರಡೂ ಒಂದೇ ಬಗೆಯವಲ್ಲ. ನಾಟಕಗೃಹದಲ್ಲಿ ಎಷ್ಟು ಜನ ಕೂರಬೇಕು, ಬೆಂಕಿ ಬಿದ್ದರೆ ಎತ್ತ ಹೋಗಬೇಕು ಎಂಬ ಕಟ್ಟಳೆ ತೆರೆಯ ಹಿಂದಿನ ಸೈನಿಕನಂತೆ. ಅದು ಅಪಾಯವನ್ನು ನೇರವಾಗಿ ತಡೆಯುತ್ತದೆ, ಯಾವ ನಾಟಕವೆಂದು ಕೇಳುವುದಿಲ್ಲ. 1992-93ರ ಗಲಭೆ ಮತ್ತು ಸ್ಫೋಟಗಳನ್ನು, 2008ರ ನವೆಂಬರ್ ದಾಳಿಯನ್ನು ಕಂಡ ನಗರದಲ್ಲಿ ಸಭಾಂಗಣದ ಬಾಗಿಲಲ್ಲಿ ಚೀಲ ತಪಾಸಣೆ ಮಾಡುವವನನ್ನು ಸ್ವಾತಂತ್ರ್ಯದ ಶತ್ರುವೆಂದು ಯಾರೂ ಕರೆಯಲಾರರು. ಹಸ್ತಪ್ರತಿಯ ಪೂರ್ವಪರಿಶೀಲನೆ ಹಾಗಲ್ಲ. ಕಠಾರಿ ಯಾರ ಬಳಿಯಿದೆ ಎಂಬ ವಿಚಾರಣೆ ಅದಕ್ಕೆ ಬೇಕಿಲ್ಲ. ಎಲ್ಲ ನಾಟಕಗಳೂ ನಿರಪರಾಧವನ್ನು ಮೊದಲೇ ಸಾಬೀತುಪಡಿಸಬೇಕು. ವಸಾಹತು ಸರಕಾರ 1876ರಲ್ಲಿ ತಂದ ನಾಟಕ ಪ್ರದರ್ಶನ ಕಾಯಿದೆಯೂ ಮುಖ್ಯವಾಗಿ ಇಂಥ ನಾಟಕ ಆಕ್ಷೇಪಾರ್ಹವೆಂದು ಬೆರಳು ತೋರಿಸಿ ನಿಷೇಧಿಸುವ ಅಧಿಕಾರವನ್ನು ಪಡೆದಿತ್ತು. ಆ ಕಾಯಿದೆ 2018ರಲ್ಲಿ ಜಾರಿಗೆ ಬಂದ ರದ್ದತಿ ಕಾಯಿದೆಯಿಂದ ಇಲ್ಲವಾಯಿತು. ಸ್ವತಂತ್ರ ಭಾರತದಲ್ಲಿ ರೂಪುಗೊಂಡ ಮುಂಬಯಿಯ ವ್ಯವಸ್ಥೆ ಅದಕ್ಕಿಂತ ವಿಸ್ತಾರವಾದ ಬಲೆ ಬೀಸಿದೆ ಎನ್ನದೆ ವಿಧಿಯಿಲ್ಲ.

ಯೋಗ್ಯತಾಪತ್ರ ದೊರೆತರೆ ನಾಟಕಕ್ಕೆ ರಕ್ಷಣೆಯಾದರೂ ಉಂಟೆ? ತೆಂಡುಲ್ಕರರ 'ಸಖಾರಾಮ್ ಬೈಂಡರ್' 1972ರಲ್ಲಿ ಕೆಲವು ಪ್ರಯೋಗಗಳನ್ನು ಕಂಡ ಮೇಲೆ ತಡೆಗೆ ಒಳಗಾಯಿತು. ನಿರ್ದೇಶಕ ಕಮಲಾಕರ ಸಾರಂಗ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಹೋರಾಡಿ ಅದನ್ನು ಮತ್ತೆ ರಂಗಕ್ಕೆ ತಂದರು. ಅಲ್ಲಿದ್ದ ಆಕ್ಷೇಪ ರಾಜ್ಯದ ಭದ್ರತೆಗಲ್ಲ, ನೀತಿ ಸಭ್ಯತೆಗಳಿಗೆ ಸಂಬಂಧಿಸಿದ್ದು ಎಂಬುದನ್ನು ನೆನಪಿಡಬೇಕು. ಸುವ್ಯವಸ್ಥೆಯ ಬಾಗಿಲಿನಿಂದ ಒಳಬಂದ ಅಧಿಕಾರ ಮನೆಯ ಎಲ್ಲ ಕೋಣೆಗಳಲ್ಲಿ ಓಡಾಡಲು ಹೆಚ್ಚು ದಿನ ಬೇಕಾಗುವುದಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಪುಣೆಯಲ್ಲಿ ಮೊದಲು ಪ್ರಯೋಗಗೊಂಡ ತೆಂಡುಲ್ಕರರ 'ಘಾಶೀರಾಮ್ ಕೋತ್ವಾಲ್' ಇದನ್ನೇ ವಸ್ತುವನ್ನಾಗಿ ಮಾಡಿಕೊಂಡಿತ್ತು. ನಾನಾ ಫಡನವೀಸನಿಂದ ಕೋತ್ವಾಲಿ ಪಡೆದ ಘಾಶೀರಾಮ ಪುಣೆಯಲ್ಲಿ ರಾತ್ರಿಯ ಹೊತ್ತು ಪ್ರತಿಯೊಂದಕ್ಕೂ ಪರವಾನಿಗೆ ಕೇಳುತ್ತಾನೆ. 'ತುಘಲಕ್' ಮತ್ತು 'ಘಾಶೀರಾಮ್' ನಾಟಕಗಳನ್ನು ಹೋಲಿಸುವವರು ಸಾಮಾನ್ಯವಾಗಿ ರಚನಾಶೈಲಿಯ ಭಿನ್ನತೆಗೆ ನಿಲ್ಲುತ್ತಾರೆ. ಇವೆರಡರ ಮುಖ್ಯ ವ್ಯತ್ಯಾಸ ನಮಗೆ ಬೇರೆಡೆ ಕಾಣುತ್ತದೆ. ತೆಂಡುಲ್ಕರರ ಕೋತ್ವಾಲನ ಹಿಂದೆ ಯಾವ ನಿಜವಾದ ಅಪಾಯವೂ ಇಲ್ಲ, ಸೇಡು ಮತ್ತು ಅಧಿಕಾರದ ವ್ಯಾಪಾರವಿದೆ. ಆದ್ದರಿಂದ ಪ್ರೇಕ್ಷಕ ಸುಲಭವಾಗಿ ಅವನ ವಿರುದ್ಧ ನಿಲ್ಲಬಲ್ಲ. ಕಾರ್ನಾಡರು ಆ ಸೌಲಭ್ಯವನ್ನು ಕೊಡುವುದಿಲ್ಲ. ಕಠಾರಿ ನಿಜವಾದದ್ದು; ಆದರೂ ನಿಷೇಧ ಸರಿಯಲ್ಲ. ವಿಚಾರದ ದೃಷ್ಟಿಯಿಂದ ಇದು ಹೆಚ್ಚು ಕಠಿಣವಾದ ದಾರಿ. ರಂಗವೈಭವದಲ್ಲಿ ಮಾತ್ರ 'ಘಾಶೀರಾಮ್' ಮೇಲುಗೈಯೆಂದು ಒಪ್ಪಲು ನಮಗೆ ಸಂಕೋಚವಿಲ್ಲ.

ಕನ್ನಡಿಗರಿಗೆ ಈ ಪ್ರಶ್ನೆ ಇನ್ನೊಂದು ಕಡೆಯಿಂದಲೂ ಎದುರಾಗುತ್ತದೆ. ಕಟ್ಟಳೆಗೆ ಭಾಷೆಯ ಭೇದವಿಲ್ಲ. 1926ರಲ್ಲಿ ಸ್ಥಾಪನೆಯಾದ ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನಿಂದ ಹಿಡಿದು ಉಪನಗರಗಳ ಚಿಕ್ಕ ಸಂಘಗಳವರೆಗೆ ಹಬ್ಬಿರುವ ಮುಂಬಯಿ ಕನ್ನಡ ರಂಗಭೂಮಿಯಲ್ಲಿ ನಾಟಕದ ಜೊತೆಗೆ ಯಕ್ಷಗಾನ, ತಾಳಮದ್ದಳೆಗಳಿಗೆ ದೊಡ್ಡ ಸ್ಥಾನವಿದೆ. ಕರಾವಳಿಯಲ್ಲಿ ಮೇಳಗಳ ತಿರುಗಾಟ ನಿಲ್ಲುವ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬರುವ ರೂಢಿ ಹಳೆಯದು. ತಾಳಮದ್ದಳೆಯಲ್ಲಿ ಮುದ್ರಿತವಾಗಿರುವುದು ಪ್ರಸಂಗದ ಪದ್ಯಗಳು ಮಾತ್ರ. ಅರ್ಥ ಅಲ್ಲಿಯೇ, ಆ ರಾತ್ರಿಯೇ, ಎದುರಾಳಿಯ ಮಾತಿಗೆ ತಕ್ಕಂತೆ ಹುಟ್ಟುತ್ತದೆ. ಹಸ್ತಪ್ರತಿಯನ್ನು ಮುಂಚಿತವಾಗಿ ಒಪ್ಪಿಸಬೇಕೆಂಬ ತತ್ತ್ವಕ್ಕೆ ಇಲ್ಲಿ ಹಿಡಿತವೇ ಸಿಗದು. ಹಸ್ತಪ್ರತಿ ಇದ್ದರೆ ಎಂಬ ಷರತ್ತನ್ನು ಕಾಯಿದೆಯೇ ಸೇರಿಸಿಕೊಂಡಿದೆ. ಬರೆದು ತಂದ ಅರ್ಥವನ್ನು ಓದುವ ಅರ್ಥಧಾರಿಯನ್ನು ಸಭೆ ಮೊದಲು ತಳ್ಳಿಹಾಕುತ್ತದೆ.

'ಕೃಷ್ಣಸಂಧಾನ' ಪ್ರಸಂಗವನ್ನೇ ನೋಡಬಹುದು. ಕೌರವನ ಆಸ್ಥಾನಕ್ಕೆ ರಾಯಭಾರಿ ಬಂದಿದ್ದಾನೆ. ಸಂಧಾನ ಮುರಿಯುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಮುರಿಯುವ ಮುನ್ನ ಕೌರವನಿಗೆ ತನ್ನ ರಾಜ್ಯನೀತಿಯನ್ನು ಸಮರ್ಥಿಸಿಕೊಳ್ಳುವ ಪೂರ್ಣ ಸ್ವಾತಂತ್ರ್ಯವಿದೆ, ಕೃಷ್ಣನಿಗೆ ಅದನ್ನು ಖಂಡಿಸುವ ಸ್ವಾತಂತ್ರ್ಯವಿದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಪ್ರತಿನಾಯಕರ ಪಕ್ಷವನ್ನು ಎತ್ತಿಹಿಡಿದ ರೀತಿ ಆಸ್ತಿಕ ಸಭೆಯನ್ನೂ ಅಲ್ಲಾಡಿಸುತ್ತಿತ್ತು. ಯಾರೂ ಅವರನ್ನು ಧರ್ಮದ್ರೋಹಿಗಳೆನ್ನಲಿಲ್ಲ. ಇದು ಕಟ್ಟಳೆಯಿಲ್ಲದ ಆಟವೆಂದು ತಿಳಿಯಬಾರದು. ಪದ್ಯದ ಆಶಯವನ್ನು ಮೀರುವಂತಿಲ್ಲ, ಪ್ರಸಂಗದ ಅಂತ್ಯವನ್ನು ಬದಲಿಸುವಂತಿಲ್ಲ, ಎದುರಿನವನ ಪ್ರಶ್ನೆಗೆ ಉತ್ತರ ಹೇಳದೆ ಜಾರಿಕೊಂಡರೆ ಮರ್ಯಾದೆ ಉಳಿಯದು. ಮಾತು ಹದ್ದು ಮೀರಿದರೆ ಭಾಗವತ ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾನೆ, ಅರ್ಥ ಅಲ್ಲಿಗೆ ನಿಲ್ಲುತ್ತದೆ. ಈ ಅಧಿಕಾರ ಅತ್ಯಂತ ಬಲವಾದದ್ದು. ಆದರೆ ಅದು ಸಭೆಯ ಕಣ್ಣೆದುರಿಗೇ ಚಲಾವಣೆಯಾಗುತ್ತದೆ. ಭಾಗವತ ಅನ್ಯಾಯವಾಗಿ ಮಾತು ಕಡಿದರೆ ಸಭೆಗೆ ತಿಳಿಯುತ್ತದೆ, ಮರುದಿನ ಹೋಟೆಲಿನಲ್ಲಿ ಅದರದೇ ಚರ್ಚೆ. ಮಂಡಳಿಯ ಸದಸ್ಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲು ಪ್ರೇಕ್ಷಕನಿಗೆ ಎಂದೂ ತಿಳಿಯುವುದಿಲ್ಲ. ಮೂರನೆಯ ದೃಶ್ಯದ ದಿಲ್ಲಿಯ ನಾಗರಿಕರಂತೆ ಅವನು ಮನೆಯೊಳಗೇ ಉಳಿದಿರುತ್ತಾನೆ.

ಪೂರ್ವಪರಿಶೀಲನೆ ಇಲ್ಲವಾದರೆ ದ್ವೇಷ ಕೆರಳಿಸುವ ನಾಟಕವನ್ನು ತಡೆಯುವುದು ಹೇಗೆ ಎಂಬ ಆಕ್ಷೇಪ ಗಂಭೀರವಾದದ್ದು. ಇದಕ್ಕೆ ಉತ್ತರ ನಾಟಕದ ಮೊದಲ ದೃಶ್ಯದಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ. ಅಪರಾಧವಾದ ಮಾತಿಗೆ ದಂಡವಿಧಿಸುವ ಸಾಮಾನ್ಯ ಕಾನೂನು ಇದೆ. ಆರೋಪವನ್ನು ಬಹಿರಂಗವಾಗಿ ಕೇಳುವ, ಸರಕಾರವೂ ಸೋಲಬಹುದಾದ ನ್ಯಾಯಾಲಯಗಳಿವೆ. 1989ರಲ್ಲಿ ತಮಿಳು ಚಿತ್ರವೊಂದಕ್ಕೆ ಸಂಬಂಧಿಸಿದ ರಂಗರಾಜನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಮಾತಿಗೂ ಅಪಾಯಕ್ಕೂ ನಿಕಟವಾದ ನೇರ ಸಂಬಂಧ ಇರಬೇಕೆಂದೂ ಗಲಭೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಅಡಗಿಸಲಾಗದೆಂದೂ ಹೇಳಿತು. ತಮಿಳುನಾಡಿನ 1954ರ ನಾಟಕ ಪ್ರದರ್ಶನ ಕಾಯಿದೆಯನ್ನು ಮದ್ರಾಸ್ ಉಚ್ಚ ನ್ಯಾಯಾಲಯ 2013ರಲ್ಲಿ ಅಸಿಂಧುಗೊಳಿಸಿತು. ಮುಂಬಯಿಯ ಕಟ್ಟಳೆಗಳನ್ನು ಪ್ರಶ್ನಿಸಿ ನಟ, ನಿರ್ದೇಶಕ ಅಮೋಲ್ ಪಾಲೇಕರ್ 2016ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ನ್ಯಾಯಾಲಯಗಳ ಕೆಲಸ ಅವುಗಳದು. ಸಾಹಿತ್ಯ ಸಂಶೋಧಕರಿಗೆ ಇಲ್ಲಿ ಬೇರೊಂದು ಕೆಲಸ ಕಾದಿದೆ.

ಮುದ್ರಿತ ನಾಟಕವನ್ನೇ ನಂಬಿ ರಂಗಭೂಮಿಯ ಇತಿಹಾಸ ಬರೆಯುವ ಪರಿಪಾಠ ನಮ್ಮಲ್ಲಿ ಬೇರೂರಿದೆ. ಮುಂಬಯಿಯ ಮಟ್ಟಿಗೆ ಮುದ್ರಿತ ಪಠ್ಯ, ಪರಿಶೀಲನೆಗೆ ಒಪ್ಪಿಸಿದ ಪಠ್ಯ, ರಂಗದ ಮೇಲೆ ನುಡಿದ ಪಠ್ಯ ಇವು ಮೂರನ್ನೂ ಬೇರೆ ಬೇರೆಯಾಗಿ ಎಣಿಸಬೇಕು. ಸಂಘಗಳ ಕಪಾಟುಗಳಲ್ಲಿ, ನಿರ್ದೇಶಕರ ಮನೆಗಳಲ್ಲಿ ಉಳಿದಿರುವ ಒಪ್ಪಿಗೆ ಮುದ್ರೆಯ ಪ್ರತಿಗಳನ್ನು ಮುದ್ರಿತ ಆವೃತ್ತಿಗಳೊಂದಿಗೆ ಸಾಲುಸಾಲಾಗಿ ಹೋಲಿಸಿ, ಬಿಟ್ಟುಹೋದ ಮಾತುಗಳ ಪಟ್ಟಿಯನ್ನು ಸಿದ್ಧಪಡಿಸಬೇಕು. ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ರಾಜರನ್ನೂ ದಂಡನಾಯಕರನ್ನೂ ರಂಗದ ಮೇಲೆ ತಂದ ಕನ್ನಡ ಮತ್ತು ಮರಾಠಿ ನಾಟಕಗಳನ್ನು. ಸಾಧ್ಯವಾದರೆ ಎರಡೂ ಭಾಷೆಗಳಲ್ಲಿ ಪ್ರಯೋಗಗೊಂಡ 'ತುಘಲಕ್' ನಾಟಕವನ್ನೇ.